ಕೋಣೆಯೊಳಗಿನ ಕಿಲೋಮೀಟರು ವರ್ಷದ ಲೆಕ್ಕಕ್ಕೆ ಸೇರಬೇಕೆ?

ಕಲಬುರಗಿಯ ಸೈಕಲ್ ಸವಾರರ ಬಳಗಗಳಲ್ಲಿ ವರ್ಷದ ಕೊನೆಗೆ ಒಟ್ಟು ಕಿಲೋಮೀಟರುಗಳ ಪಟ್ಟಿ ಹಾಕುವ ರೂಢಿ ಬೆಳೆದಿದೆ. ಯಾರು ಮೂರು ಸಾವಿರ ದಾಟಿದರು, ಯಾರು ಐದು ಸಾವಿರ ಮುಟ್ಟಿದರು, ಈ ಸಲದ ಪದಕ ಯಾರಿಗೆ ಎಂಬ ಮಾತು ಬಂದಾಗಲೆಲ್ಲ ಈಚೆಗೆ ಇನ್ನೊಂದು ಪ್ರಶ್ನೆಯೂ ಬೆನ್ನಿಗೇ ಬರುತ್ತದೆ: “ಮನ್ಯಾಗ ಟ್ರೇನರ್ ಮ್ಯಾಲ ಹೊಡೆದದ್ದು ಲೆಕ್ಕಕ್ಕ ಹಿಡಿಬೇಕೋ ಬ್ಯಾಡೋ?” ಸೈಕಲ್ಲಿನ ಹಿಂಬದಿಯನ್ನು ಉಕ್ಕಿನ ಚೌಕಟ್ಟಿಗೆ ಬಿಗಿದು, ನಿಂತಲ್ಲೇ ತುಳಿಯಲು ಅನುವಾಗುವ ಈ ಸಾಧನ 2020ರ ಲಾಕ್‌ಡೌನ್ ನಂತರ ಅನೇಕರ ಮನೆ ಸೇರಿದೆ. ಅದರ ಮೇಲೆ ಕಳೆದ ತಾಸುಗಳು ಆ್ಯಪ್‌ನಲ್ಲಿ ಕಿಲೋಮೀಟರುಗಳಾಗಿ ದಾಖಲಾಗುತ್ತವೆ; ದಾಖಲಾದದ್ದು ರಸ್ತೆಯ ಕಿಲೋಮೀಟರುಗಳ ಜೊತೆ ಸದ್ದಿಲ್ಲದೆ ಬೆರೆತುಹೋಗುತ್ತದೆ. ಬೆರೆತ ಮೇಲೆ ಬೇರ್ಪಡಿಸುವುದು ಕಷ್ಟವಾದ್ದರಿಂದ ಪಟ್ಟಿ ಹಾಕುವವರು ಇದನ್ನು ವರ್ಷದ ಆರಂಭದಲ್ಲೇ ತೀರ್ಮಾನಿಸಿಕೊಳ್ಳಬೇಕು. ಕೋಣೆಯೊಳಗಿನ ದುಡಿಮೆ ಪೂರ್ತಿಯಾಗಿ ಲೆಕ್ಕಕ್ಕೆ ಬರಬೇಕು, ಆದರೆ ಅದನ್ನು ಕಿಲೋಮೀಟರಿನಲ್ಲಿ ಅಳೆಯದೆ ತಾಸಿನಲ್ಲಿ ಅಳೆಯಬೇಕು ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಯುರೋಪ್, ಅಮೆರಿಕಗಳಲ್ಲಿ ಈ ಚರ್ಚೆ ಚಳಿಗಾಲದ್ದು. ಹಿಮ ಬಿದ್ದು ರಸ್ತೆ ಜಾರತೊಡಗಿದಾಗ ಅಲ್ಲಿಯ ಸವಾರರು ಮನೆಯೊಳಗೆ ಬರುತ್ತಾರೆ. ನಮ್ಮಲ್ಲಿ ಇದು ತಿರುವುಮುರುವು. ನವೆಂಬರಿನಿಂದ ಫೆಬ್ರುವರಿವರೆಗೆ ಕಲಬುರಗಿ, ಬೀದರ್, ಯಾದಗಿರಿಗಳ ಮುಂಜಾವು ಸೈಕಲ್ ಸವಾರಿಗೆ ಹೇಳಿ ಮಾಡಿಸಿದಂತಿರುತ್ತದೆ. ಮಾರ್ಚ್ ಹಿಡಿದು ಬಿಸಿಲು ಏರುತ್ತ ಹೋಗಿ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆಯ ಸಂಗತಿ. ಆ ಎರಡು ತಿಂಗಳ ಮಟ್ಟಿಗೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶಗಳು ಹೊರಡುತ್ತ ಬಂದಿವೆ. ನೌಕರರಿಗೆ ಇದರಿಂದ ನೆಮ್ಮದಿ ಸಿಗುವುದು ದಿಟ. ಆದರೆ ಸೈಕಲ್ ತುಳಿಯುವ ನೌಕರನ ಪಾಲಿಗೆ ದಿನದಲ್ಲಿ ತಂಪಾಗಿದ್ದ ಏಕೈಕ ಹೊತ್ತನ್ನು ಇದೇ ಆದೇಶ ಕಿತ್ತುಕೊಳ್ಳುತ್ತದೆ. ಎಂಟಕ್ಕೆ ಕಚೇರಿಯಲ್ಲಿ ಹಾಜರಿರಬೇಕಾದವನು ಆರೂವರೆಗೆಲ್ಲ ಮನೆಗೆ ಮರಳಬೇಕು. ಸಂಜೆ ಹೋಗೋಣವೆಂದರೆ ಏಳು ಗಂಟೆಯಾದರೂ ಡಾಂಬರಿನ ಝಳ ಇಳಿದಿರುವುದಿಲ್ಲ.

ಬಿಸಿಲೊಂದೇ ಕಾರಣವೂ ಅಲ್ಲ. ಮಳಖೇಡ, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಲಾರಿಗಳಿಗೆ ನಸುಕು, ನಡುರಾತ್ರಿ ಎಂಬ ಭೇದವಿಲ್ಲ. ಬೀದಿದೀಪ ಮುಗಿದ ಮೇಲಿನ ಸೇಡಂ ರಸ್ತೆಯಲ್ಲಿ ಬೆಳಗಿನ ಐದು ಗಂಟೆಗೆ ಒಬ್ಬಳೇ ಹೋಗಬೇಕೆಂದರೆ ಹೆಣ್ಣುಮಗಳೊಬ್ಬಳು ಎಷ್ಟು ಯೋಚಿಸಬೇಕು, ಅವಳ ಮನೆಯವರು ಎಷ್ಟು ಯೋಚಿಸುತ್ತಾರೆ ಎಂಬುದು ಈ ಊರಲ್ಲಿ ಬದುಕುವ ಎಲ್ಲರಿಗೂ ಗೊತ್ತು. ಮಂಡಿಯ ಶಸ್ತ್ರಚಿಕಿತ್ಸೆಯಾದವರು, ಕಣ್ಣು ಮಂಜಾದವರು, ಹಸುಗೂಸನ್ನು ಮಲಗಿಸಿ ಅರ್ಧ ತಾಸು ಬಿಡುವು ಮಾಡಿಕೊಂಡ ತಾಯಂದಿರು, ಇವರೆಲ್ಲರಿಗೂ ಟ್ರೇನರ್ ಅನುಕೂಲದ ವಸ್ತುವಷ್ಟೇ ಆಗಿರದೆ ಸೈಕಲ್ಲಿನೊಂದಿಗಿನ ನಂಟು ಉಳಿಸಿಕೊಳ್ಳುವ ಒಂದೇ ದಾರಿಯಾಗಿರುತ್ತದೆ. ಆದ್ದರಿಂದ ಮನೆಯಲ್ಲಿ ತುಳಿಯುವವರನ್ನು ಸೋಮಾರಿಗಳೆಂದು ಹಗುರಾಗಿ ಆಡುವುದು ಅನ್ಯಾಯ. ಅಳತೆಯ ಪ್ರಶ್ನೆಯನ್ನು ಇದಕ್ಕೆ ತಳಕು ಹಾಕದೆ ಪ್ರತ್ಯೇಕವಾಗಿ ನೋಡಬೇಕು.

ಕೋಣೆಯಲ್ಲಿ ಈ ಕಿಲೋಮೀಟರು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಶಹಾಬಾದಿನ ಪರಸಿ ಹಾಸಿದ ನೆಲ, ಅದರ ಮೇಲೆ ಟ್ರೇನರ್, ಎದುರಿಗೆ ನೀರು ತುಂಬಿಸಿದ ಕೂಲರ್, ಬೆವರಿಗೆ ಬೋಲ್ಟುಗಳು ತುಕ್ಕು ಹಿಡಿಯದಿರಲೆಂದು ಹ್ಯಾಂಡಲ್ ಮೇಲೊಂದು ಟವೆಲ್. ಮುಂದಿನ ಚಕ್ರ ತಿರುಗುವುದೇ ಇಲ್ಲ; ಅದಕ್ಕೆ ಕಟ್ಟಿದ ಮೀಟರು ತಾಸುಗಟ್ಟಲೆ ತುಳಿದರೂ ಸೊನ್ನೆಯನ್ನೇ ತೋರಿಸುತ್ತದೆ. ಹಾಗಾಗಿ ಸೆನ್ಸರನ್ನು ಹಿಂದಿನ ಚಕ್ರಕ್ಕೆ ಬದಲಿಸುತ್ತಾರೆ. ಹಿಂದಿನ ಚಕ್ರ ಒಂದು ಸಣ್ಣ ಉಕ್ಕಿನ ರೋಲರಿಗೆ ಒತ್ತಿಕೊಂಡು ತಿರುಗುತ್ತದೆ, ಇಳಿದು ನೋಡಿದರೆ ಪರಸಿಯ ಮೇಲೆ ಟೈರು ಸವೆದ ಕಪ್ಪು ಪುಡಿ ಬಿದ್ದಿರುತ್ತದೆ. ಸೆನ್ಸರು ಸುತ್ತುಗಳನ್ನು ಎಣಿಸಿ ಟೈರಿನ ಸುತ್ತಳತೆಯಿಂದ ಗುಣಿಸುತ್ತದೆ. ರಸ್ತೆ ಸೈಕಲ್ಲಿನ ಸಾಮಾನ್ಯ ಟೈರಿನ ಸುತ್ತಳತೆ ಸುಮಾರು 2.1 ಮೀಟರ್, ಹತ್ತು ಸಾವಿರ ಸುತ್ತಿಗೆ 21 ಕಿಲೋಮೀಟರ್ ಎಂದು ಮೀಟರು ಬರೆದುಕೊಳ್ಳುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ರೋಲರಿಗೆ ಅಡ್ಡಿ ಒಡ್ಡುವ ಅಯಸ್ಕಾಂತದ ಹಿಡಿತವನ್ನು ಒಂದು ಹಂತ ಸಡಿಲಿಸಿದರೆ ಅಷ್ಟೇ ಶ್ರಮಕ್ಕೆ ಸುತ್ತುಗಳು ಹೆಚ್ಚುತ್ತವೆ, ಬಿಗಿಗೊಳಿಸಿದರೆ ಇಳಿಯುತ್ತವೆ, ಟೈರಿನಲ್ಲಿ ಗಾಳಿ ಕಡಿಮೆಯಾದರೆ ಇನ್ನೂ ಇಳಿಯುತ್ತವೆ. ದೂರವನ್ನು ನಿರ್ಧರಿಸುವುದು ಇಲ್ಲಿ ಒಂದು ಗುಬಟೆ, ಅಂದರೆ ಹಿಡಿತವನ್ನು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಗುಂಡಿ.

ಜಿಮ್‌ಗಳಲ್ಲಿರುವ ಸ್ಪಿನ್ ಬೈಕಿನ ಸ್ಥಿತಿ ಇನ್ನೂ ವಿಚಿತ್ರ. ಅದರಲ್ಲಿ ರಸ್ತೆಯ ಚಕ್ರವೇ ಇಲ್ಲ. ಭಾರದ ಗಾಲಿಯೊಂದು ಪೆಡಲಿನ ಜೊತೆ ತಿರುಗುತ್ತದೆ. ಎಷ್ಟೋ ಅಗ್ಗದ ಮಾದರಿಗಳಲ್ಲಿ ಪರದೆಯ ಮೇಲಿನ ದೂರವೆಂದರೆ ಪೆಡಲಿನ ಸುತ್ತುಗಳನ್ನು ತಯಾರಕರು ಗೊತ್ತುಮಾಡಿದ ಒಂದು ಸ್ಥಿರಸಂಖ್ಯೆಯಿಂದ ಗುಣಿಸಿದ ಫಲ, ಗುಬಟೆ ಎಷ್ಟು ಬಿಗಿಯಾಗಿದೆ ಎಂಬುದನ್ನು ಆ ಲೆಕ್ಕ ಕೇಳುವುದೇ ಇಲ್ಲ. ಗುಬಟೆ ಸಡಿಲ ಬಿಟ್ಟು ನಿಮಿಷಕ್ಕೆ 90 ಸುತ್ತು ತುಳಿದವನಿಗೆ, ಬಿಗಿ ಹಿಡಿದು 60 ಸುತ್ತು ತುಳಿದವನಿಗಿಂತ ಒಂದೂವರೆ ಪಟ್ಟು ದೂರ ಸಿಗುತ್ತದೆ. ಎರಡನೆಯವನ ತೊಡೆಗಳು ದುಪ್ಪಟ್ಟು ದುಡಿದಿದ್ದರೂ ಅವನೇ ಹಿಂದೆ ಬೀಳುತ್ತಾನೆ. ಇಂಥ ಸಂಖ್ಯೆಯನ್ನು ಪದಕದ ಪಟ್ಟಿಗೆ ಸೇರಿಸಿದರೆ ಕಷ್ಟಪಟ್ಟವನಿಗೆ ಶಿಕ್ಷೆ, ಸುಲಭ ಹಿಡಿದವನಿಗೆ ಬಹುಮಾನ ಕೊಟ್ಟಂತೆ.

ಸ್ಮಾರ್ಟ್ ಟ್ರೇನರುಗಳು ಇವೆರಡಕ್ಕಿಂತ ಬಹಳ ಪ್ರಾಮಾಣಿಕ ಯಂತ್ರಗಳು. ಸವಾರನ ಕಾಲಿನ ಶಕ್ತಿಯನ್ನು ಅವು ವಾಟ್‌ಗಳಲ್ಲಿ ಅಳೆಯುತ್ತವೆ. ಒಳ್ಳೆಯ ಮಾದರಿಗಳಲ್ಲಿ ಈ ಅಳತೆ ಶೇ 1ರಿಂದ 2ರಷ್ಟು ಮಾತ್ರ ಆಚೀಚೆಯಾಗುತ್ತದೆಂದು ತಯಾರಕರು ಹೇಳುತ್ತಾರೆ. ಜ್ವಿಫ್ಟ್‌ನಂಥ ಆ್ಯಪ್ ಆ ವಾಟ್‌ಗಳ ಜೊತೆ ಸವಾರ ತಾನೇ ನಮೂದಿಸಿದ ತೂಕ, ಎತ್ತರಗಳನ್ನು ಸೇರಿಸಿ, ಕಾಲ್ಪನಿಕ ರಸ್ತೆಯ ಏರಿಳಿತ, ಮುಂದಿನವನ ಮರೆಯಲ್ಲಿ ಸಾಗಿದಾಗ ಸಿಗುವ ಗಾಳಿಯ ಉಳಿತಾಯ, ಆಟದಲ್ಲಿ ಆಯ್ದುಕೊಂಡ ಸೈಕಲ್ಲಿನ ಮಾದರಿ ಎಲ್ಲವನ್ನೂ ಕೂಡಿಸಿ ಕಳೆದು ಒಂದು ವೇಗ ಕೊಡುತ್ತದೆ. ಆ ವೇಗದಿಂದ ದೂರ ಬರುತ್ತದೆ. ಅಂದರೆ ಇಲ್ಲಿ ಅಳೆದದ್ದು ಶಕ್ತಿಯೊಂದೇ. ದೂರ ಸೂತ್ರದಿಂದ ಹೊರಟ ಊಹೆ. ತೂಕವನ್ನು ಹತ್ತು ಕಿಲೋ ಕಡಿಮೆ ಬರೆದರೆ ಅದೇ ಊಹೆ ಏರಿನಲ್ಲಿ ಇನ್ನಷ್ಟು ಉದಾರವಾಗುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ರಸ್ತೆಯ ಅಳತೆಯೂ ಕರಾರುವಾಕ್ಕಾಗಿಲ್ಲವಲ್ಲ? ಜಿಪಿಎಸ್ ಕಟ್ಟಡಗಳ ನಡುವೆ ಅಲೆದಾಡುತ್ತದೆ, ಚಕ್ರದ ಸುತ್ತಳತೆಯನ್ನು ತಪ್ಪಾಗಿ ತುಂಬಿದರೆ ವರ್ಷವಿಡೀ ಮೀಟರು ತಪ್ಪು ತೋರಿಸುತ್ತದೆ. 2.1 ಮೀಟರ್ ಇರಬೇಕಾದಲ್ಲಿ 2.2 ಎಂದು ತುಂಬಿಕೊಂಡವನಿಗೆ 5,000 ಕಿಲೋಮೀಟರಿನಲ್ಲಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಪುಕ್ಕಟೆಯಾಗಿ ದಕ್ಕುತ್ತವೆ. ಆಕ್ಷೇಪ ಸರಿಯೇ. ಆದರೆ ಅಳತೆ ತಪ್ಪಾಗುವುದು ಬೇರೆ, ಅಳೆಯಲು ವಸ್ತುವೇ ಇಲ್ಲದಿರುವುದು ಬೇರೆ. ಕಲಬುರಗಿಯಿಂದ ಶಹಾಬಾದಿಗೆ ಒಂದು ದೂರವಿದೆ. ನನ್ನ ಮೀಟರು ತಪ್ಪಿದರೆ ಇನ್ನೊಬ್ಬರ ಮೀಟರಿನಿಂದ, ಕಿಲೋಮೀಟರು ಕಲ್ಲಿನಿಂದ, ಭೂಪಟದಿಂದ ಅದನ್ನು ತಿದ್ದಬಹುದು. ಇಂದು ಹೋದರೂ ನಾಳೆ ಹೋದರೂ ಅದು ಅಷ್ಟೇ. ಕೋಣೆಯ 21 ಕಿಲೋಮೀಟರನ್ನು ಯಾವ ಕಲ್ಲಿಗೆ ಹೋಲಿಸಿ ತಿದ್ದುವುದು? ಸೈಕಲ್ಲು ಮೊಳದಷ್ಟೂ ಕದಲಿಲ್ಲ. ಹೋಲಿಸಲು ನಿಜವಾದ ದೂರವೇ ಇಲ್ಲದ ಕಡೆ ಸರಿ, ತಪ್ಪು ಎಂಬ ಮಾತಿಗೂ ಅರ್ಥ ಉಳಿಯುವುದಿಲ್ಲ.

“ಶ್ರಮ ಒಂದೇ ಆಗಿದ್ದರೆ ದೂರವೂ ಒಂದೇ ಎಂದುಕೊಳ್ಳೋಣ” ಎಂಬ ವಾದವೂ ಕೇಳಿಬರುತ್ತದೆ. ಶ್ರಮಕ್ಕೂ ದೂರಕ್ಕೂ ನೇರ ಸಂಬಂಧ ರಸ್ತೆಯಲ್ಲೇ ಇಲ್ಲ ಎಂಬುದನ್ನು ಈ ವಾದ ಮರೆಯುತ್ತದೆ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಇದ್ದು, ಸಮತಟ್ಟಾದ ರಸ್ತೆಯಲ್ಲಿ ಗಾಳಿಯಿಲ್ಲದ ದಿನ 150 ವಾಟ್ ಶಕ್ತಿಯಿಂದ ತುಳಿದರೆ ಅಂದಾಜು 28ರಿಂದ 29 ಕಿಲೋಮೀಟರ್ ವೇಗ ಬರುತ್ತದೆ. ಶಕ್ತಿಯನ್ನು ಅರ್ಧಕ್ಕೆ, ಅಂದರೆ 75 ವಾಟ್‌ಗೆ ಇಳಿಸಿದರೆ ವೇಗ ಅರ್ಧವಾಗುವುದಿಲ್ಲ. 22ರ ಆಸುಪಾಸಿಗೆ ಇಳಿಯುತ್ತದೆ ಅಷ್ಟೆ. ಗಾಳಿಯ ಅಡ್ಡಿಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದೇ ಇದಕ್ಕೆ ಕಾರಣ. ಅದೇ 150 ವಾಟ್ ಸವಾರನಿಗೆ ತಾಸಿಗೆ 11 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕರೆ ಅವನೂ 22–23ಕ್ಕೆ ಬಂದು ನಿಲ್ಲುತ್ತಾನೆ. ಒಂದೇ ರಸ್ತೆಯಲ್ಲಿ, ಒಂದೇ ತಾಸಿನಲ್ಲಿ, ಒಬ್ಬ ದುಪ್ಪಟ್ಟು ದುಡಿದು ಗಳಿಸಿದ ದೂರವನ್ನು ಇನ್ನೊಬ್ಬ ಬೇರೆ ದಿನ ಅರ್ಧ ಶ್ರಮದಲ್ಲಿ ಗಳಿಸಿರಬಹುದು. ರಸ್ತೆಯ ಕಿಲೋಮೀಟರು ಶ್ರಮವನ್ನು ಅಳೆಯುತ್ತೇನೆಂದು ಎಂದೂ ಹೇಳಿಕೊಂಡಿಲ್ಲ; ಬೆನ್ನಿಗೆ ಬೀಸಿದ ಗಾಳಿ, ಇಳಿಜಾರು ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ಅದು ಹೇಳುವುದು ದಾಟಿದ ನೆಲವನ್ನು ಮಾತ್ರ.

ವರ್ಷದ ದೂರವನ್ನು ಲೆಕ್ಕ ಹಾಕುವ ಹವ್ಯಾಸ ಆ್ಯಪ್‌ಗಳ ಕಾಲದ್ದಲ್ಲ, ಶತಮಾನ ಹಳೆಯದು. ಬ್ರಿಟನ್ನಿನ ಒಂದು ಸೈಕ್ಲಿಂಗ್ ಪತ್ರಿಕೆ 1911ರಲ್ಲೇ, ಒಂದು ವರ್ಷದಲ್ಲಿ ನೂರು ಮೈಲಿಯ ಸವಾರಿಗಳನ್ನು ಅತಿ ಹೆಚ್ಚು ಸಲ ಮಾಡಿದವರು ಯಾರು ಎಂಬ ಸ್ಪರ್ಧೆ ಏರ್ಪಡಿಸಿತ್ತು. 1939ರಲ್ಲಿ ಇಂಗ್ಲೆಂಡಿನ ಟಾಮಿ ಗಾಡ್ವಿನ್ 75,065 ಮೈಲಿ, ಅಂದರೆ 1,20,805 ಕಿಲೋಮೀಟರ್ ತುಳಿದ. ದಿನಕ್ಕೆ ಸರಾಸರಿ 330 ಕಿಲೋಮೀಟರಿಗೂ ಮಿಕ್ಕಿದ ಸವಾರಿ ಅದು. ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗಿ ದೀಪ ಮರೆಮಾಡುವ ನಿಯಮ ಬಂದಾಗಲೂ ಅವನ ಸವಾರಿ ನಿಲ್ಲಲಿಲ್ಲ. ಎಪ್ಪತ್ತೈದಕ್ಕೂ ಹೆಚ್ಚು ವರ್ಷ ಉಳಿದ ಆ ದಾಖಲೆಯನ್ನು ಅಮೆರಿಕದ ಕರ್ಟ್ ಸೀರ್‌ವೋಗಲ್ 2016ರ ಜನವರಿಯಲ್ಲಿ 76,076 ಮೈಲಿಗಳಿಗೆ ಏರಿಸಿದ. ಮರುವರ್ಷ ಅಮಾಂಡ ಕೋಕರ್ ಎಂಬ ಯುವತಿ 86,573 ಮೈಲಿ, ಸುಮಾರು 1,39,326 ಕಿಲೋಮೀಟರ್ ತುಳಿದು ಗಂಡಸರ ದಾಖಲೆಯನ್ನೂ ದಾಟಿದಳು.

ಕೋಕರ್ ಅವರ ಸವಾರಿ ನಮ್ಮ ಚರ್ಚೆಗೆ ತುಂಬ ಮುಖ್ಯ. ಆಕೆ ದೇಶ ಸುತ್ತಲಿಲ್ಲ. ಫ್ಲಾರಿಡಾದ ಒಂದು ಉದ್ಯಾನದ ಏಳು ಮೈಲಿಯ ಸುತ್ತುದಾರಿಯಲ್ಲೇ ವರ್ಷದ ಬಹುಭಾಗ ಕಳೆದಳು. ಊರಿಂದೂರಿಗೆ ಹೋಗದಿದ್ದರೂ ಆ ದೂರ ದಾಖಲೆಯಾಯಿತು. ಇನ್ನೊಂದು ಉದಾಹರಣೆ ಇದಕ್ಕಿಂತ ಹರಿತವಾದದ್ದು. 2022ರ ಅಕ್ಟೋಬರಿನಲ್ಲಿ ಇಟಲಿಯ ಫಿಲಿಪ್ಪೊ ಗಾನಾ ಒಂದು ತಾಸಿನಲ್ಲಿ 56.792 ಕಿಲೋಮೀಟರ್ ತುಳಿದು ವಿಶ್ವದಾಖಲೆ ಬರೆದದ್ದು ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ, ಸೂರಿನ ಕೆಳಗಿನ 250 ಮೀಟರ್ ವೆಲೋಡ್ರೋಮಿನಲ್ಲಿ, ಅಂದರೆ ಸೈಕಲ್ ಓಟದ ಸುತ್ತುಪಥದಲ್ಲಿ. ಬಿಸಿಲು, ಮಳೆ, ಲಾರಿ ಯಾವುದೂ ಇಲ್ಲದ ಒಳಾಂಗಣ ಅದು. ಆದರೂ ಆ ಕಿಲೋಮೀಟರುಗಳ ಬಗ್ಗೆ ಯಾರೂ ಅನುಮಾನ ಪಡುವುದಿಲ್ಲ, ಏಕೆಂದರೆ ಅಳೆದಿಟ್ಟ ಹಲಗೆಯ ಮೇಲೆ, ಗಾಳಿಯನ್ನು ಸೀಳಿಕೊಂಡು ಸೈಕಲ್ಲು ಸಾಗಿತ್ತು. ಒಳಗೋ ಹೊರಗೋ ಎಂದು ನಾವು ಜಗಳವಾಡುತ್ತಿರುವುದೇ ತಪ್ಪು ಜಾಗದಲ್ಲಿ. ಸೂರು ಇದೆಯೇ ಎಂದು ಕೇಳಬೇಕಿಲ್ಲ. ಸೈಕಲ್ಲು ಮುಂದೆ ಸಾಗಿತೇ ಎಂದು ಕೇಳಿದರೆ ಸಾಕು.

ದೋಣಿಗೆ ಹುಟ್ಟು ಹಾಕುವ ರೋಯಿಂಗ್ ಕ್ರೀಡೆಯವರು ಇದೇ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದಾರೆ. ಜಿಮ್‌ಗಳಲ್ಲಿ ಕಾಣುವ ಕಾನ್ಸೆಪ್ಟ್ ಟೂ ರೋಯಿಂಗ್ ಯಂತ್ರ ತನ್ನ ಗಾಲಿ ನಿಧಾನವಾಗುವ ಬಗೆಯಿಂದ ಅಡ್ಡಿಯನ್ನು ತಾನೇ ಅಳೆದುಕೊಂಡು, ಎಲ್ಲ ಯಂತ್ರಗಳಲ್ಲೂ ಒಂದೇ ಸೂತ್ರದಿಂದ ಮೀಟರುಗಳನ್ನು ತೋರಿಸುತ್ತದೆ. ಅಡ್ಡಿಯ ಹಿಡಿಯನ್ನು ಎತ್ತ ತಿರುಗಿಸಿದರೂ ಶಕ್ತಿ ಅಷ್ಟೇ ಇದ್ದರೆ ಮೀಟರುಗಳೂ ಅಷ್ಟೇ. ಅದರ ಮೇಲೆ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ, ವಯೋಮಾನವಾರು ದಾಖಲೆಗಳಿವೆ, ಮಾನ ಮರ್ಯಾದೆಗಳಿವೆ. ಆದರೆ ಆ ಮೀಟರುಗಳನ್ನು ನೀರಿನ ಮೇಲಿನ ದೂರಕ್ಕೆ ಕೂಡಿಸಬೇಕೆಂಬ ಹಟ ಅವರಲ್ಲಿ ಕಾಣುವುದಿಲ್ಲ. ಯಂತ್ರದ ಲೆಕ್ಕ ಯಂತ್ರಕ್ಕೆ, ನೀರಿನ ಲೆಕ್ಕ ನೀರಿಗೆ. ಸೈಕ್ಲಿಂಗ್‌ನಲ್ಲೂ ಇದು ಆರಂಭವಾಗಿದೆ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2020ರಲ್ಲಿ ಟ್ರೇನರಿನ ಮೇಲೆ ತುಳಿದು ಆ್ಯಪ್‌ನಲ್ಲಿ ಸ್ಪರ್ಧಿಸುವ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿದಾಗ ಪುರುಷರ ವಿಭಾಗದಲ್ಲಿ ಗೆದ್ದ ಜರ್ಮನಿಯ ಜೇಸನ್ ಆಸ್ಬಾರ್ನ್ ಮೂಲತಃ ರೋಯಿಂಗ್ ಪಟು. ಕೋಣೆಯ ಸವಾರಿಗೆ ತನ್ನದೇ ಕಿರೀಟ ಬಂದಿರುವಾಗ ಅದು ರಸ್ತೆಯ ಪಟ್ಟಿಯಲ್ಲಿ ಜಾಗ ಬೇಡಬೇಕಾದ ಅಗತ್ಯವಿಲ್ಲ.

ಮೋಸದ ಮಾತನ್ನು ಚಿಕ್ಕದಾಗಿ ಮುಗಿಸಬಹುದು. 2019ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಇ-ರೇಸಿಂಗ್ ಪ್ರಶಸ್ತಿ ಗೆದ್ದವನಿಂದ ಅದೇ ವರ್ಷ ಪ್ರಶಸ್ತಿಯನ್ನು ಹಿಂಪಡೆಯಲಾಯಿತು. ತುಳಿದು ಗಳಿಸಬೇಕಾಗಿದ್ದ ಆಟದೊಳಗಿನ ವೇಗದ ಸೈಕಲ್ಲನ್ನು ಅವನು ತನ್ನ ಬದಲಿಗೆ ತುಳಿಯುವ ತಂತ್ರಾಂಶದಿಂದ ಗಳಿಸಿದ್ದ. ಅಷ್ಟು ಕಟ್ಟುನಿಟ್ಟಿನ ಸ್ಪರ್ಧೆಯಲ್ಲೇ ಹೀಗಾದರೆ ನಂಬಿಕೆಯ ಮೇಲೆ ನಡೆಯುವ ಬಳಗದ ಪಟ್ಟಿಗೆ ರಕ್ಷಣೆ ಎಲ್ಲಿಯದು? ಆದರೂ ನಮ್ಮ ನಡುವಿನ ತೊಂದರೆ ಮೋಸದಿಂದ ಬಂದದ್ದಲ್ಲ. ಪ್ರಾಮಾಣಿಕರು ಪ್ರಾಮಾಣಿಕವಾಗಿಯೇ ಬರೆದ, ಒಂದಕ್ಕೊಂದು ತಾಳೆಯಾಗದ ಸಂಖ್ಯೆಗಳಿಂದ ಬಂದದ್ದು.

ಈಗ ನನ್ನ ನಿಲುವಿಗೆ ಎದುರಾಗಿರುವ ಅತ್ಯಂತ ಗಂಭೀರ ಮಾತಿಗೆ ಬರುತ್ತೇನೆ. ರಸ್ತೆಯ ಕಿಲೋಮೀಟರಿಗೆ ಮಾತ್ರ ಮನ್ನಣೆ ಎಂದು ಬಳಗವೊಂದು ಸಾರಿದರೆ, ಮೇ ತಿಂಗಳ ಬಿಸಿಲಿನಲ್ಲಿ, ಕತ್ತಲ ಹೆದ್ದಾರಿಯಲ್ಲಿ, ಜ್ವರದ ಮಾರನೆಯ ದಿನ ಜನ ಹೊರಗೆ ಹೋಗುವಂತೆ ಅದೇ ಪ್ರೇರೇಪಿಸಿದಂತಾಗುವುದಿಲ್ಲವೆ? ಆಗುತ್ತದೆ. ಒಂದೇ ಸಂಖ್ಯೆಗೆ ಎಲ್ಲ ಗೌರವವನ್ನೂ ಕಟ್ಟಿದಾಗ ಆ ಸಂಖ್ಯೆಗಾಗಿ ಜನ ಜೀವವನ್ನೂ ಪಣಕ್ಕಿಡುತ್ತಾರೆ, ಮತ್ತು ಮನೆಯಿಂದ ಹೊರಗೆ ಹೋಗಲಾಗದವರು ಪಟ್ಟಿಯ ತಳದಲ್ಲೇ ಉಳಿಯುತ್ತಾರೆ. ಸೈಕಲ್ ಸವಾರರ ಉಡುಪು ತಯಾರಿಸುವ ರಫಾ ಸಂಸ್ಥೆಯ ‘ಫೆಸ್ಟಿವ್ 500’ ಎಂಬ, ಡಿಸೆಂಬರ್ 24ರಿಂದ 31ರೊಳಗೆ 500 ಕಿಲೋಮೀಟರ್ ತುಳಿಯುವ ಸವಾಲು ಹೊರಾಂಗಣಕ್ಕೆ ಸೀಮಿತವಾಗಿದ್ದದ್ದು 2020ರಲ್ಲಿ ಕೋವಿಡ್ ಕಾರಣ ಟ್ರೇನರಿನ ಮೇಲಿನ ವರ್ಚುವಲ್ ಸವಾರಿಗೂ ತೆರೆದುಕೊಂಡಿತು. ಜನರನ್ನು ಮನೆಯೊಳಗೆ ಇರಿಸುವುದೇ ಹಿತವಾಗಿದ್ದ ಹೊತ್ತಿನಲ್ಲಿ ಆ ನಿರ್ಧಾರ ಸರಿಯಾಗಿತ್ತು ಎಂದೇ ನಾನು ಭಾವಿಸುತ್ತೇನೆ. ಆದರೆ ಅನ್ಯಾಯಕ್ಕೆ ಪರಿಹಾರವೆಂದು ಅಳತೆಯನ್ನು ಕೆಡಿಸಬೇಕಾಗಿಲ್ಲ, ಎರಡನೆಯ ಅಳತೆಯೊಂದಕ್ಕೆ ಸಮಾನ ಗೌರವ ಕೊಟ್ಟರಾಯಿತು.

ಆ ಎರಡನೆಯ ಅಳತೆ ತಾಸು. ಗುಬಟೆ, ಟೈರಿನ ಗಾಳಿ, ನಮೂದಿಸಿದ ತೂಕ ಯಾವುದೂ ತಾಸನ್ನು ಹಿಗ್ಗಿಸಲಾರವು. ಎಲ್ಲ ಯಂತ್ರಗಳ ಮೇಲೂ ತಾಸು ತಾಸೇ. ಕಡಿಮೆ ಶ್ರಮದಲ್ಲಿ ಕಾಲ ಕಳೆಯಬಹುದಲ್ಲ ಎಂದರೆ, ರಸ್ತೆಯಲ್ಲೂ ಹಾಗೆ ಕಳೆಯಬಹುದು. ಜೊತೆಗೆ ಟ್ರೇನರಿನಲ್ಲಿ ಇಳಿಜಾರಿಲ್ಲ, ಸಿಗ್ನಲ್ಲಿಲ್ಲ, ಚಹಾ ಅಂಗಡಿಯಿಲ್ಲ, ಕಾಲು ನಿಲ್ಲಿಸಿದರೆ ಚಕ್ರ ನಿಲ್ಲುತ್ತದೆ. ಅಲ್ಲಿಯ ಒಂದು ತಾಸೆಂದರೆ ಬಹುಮಟ್ಟಿಗೆ ಪೂರ್ತಿ ಒಂದು ತಾಸಿನ ತುಳಿತ. ವಾಟ್ ಅಳೆಯುವ ಸ್ಮಾರ್ಟ್ ಟ್ರೇನರ್ ಇದ್ದವರು ಕಿಲೋಜೂಲ್‌ಗಳನ್ನೂ ಬರೆದಿಡಬಹುದು: 150 ವಾಟ್‌ನಲ್ಲಿ ಒಂದು ತಾಸು ತುಳಿದರೆ 540 ಕಿಲೋಜೂಲ್ ಕೆಲಸ ಆಗುತ್ತದೆ. ದೇಹ ತಾನು ಉರಿಸಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನಷ್ಟೇ ಪೆಡಲಿಗೆ ಕೊಡುವುದರಿಂದ, ಸರಿಸುಮಾರು ಅಷ್ಟೇ ಸಂಖ್ಯೆಯ ಕಿಲೋಕ್ಯಾಲೊರಿ ಖರ್ಚಾಗಿರುತ್ತದೆ.

ತಾಸನ್ನು ಇಂತಿಷ್ಟು ಕಿಲೋಮೀಟರು ಎಂದು ಪರಿವರ್ತಿಸಿ ಕೂಡಿಸೋಣ, ಒಂದು ತಾಸಿಗೆ 20 ಅಥವಾ 25 ಹಿಡಿಯೋಣ ಎಂಬ ರಾಜಿಸೂತ್ರ ಬಳಗಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪುವುದು ಕಷ್ಟ. 18ರ ವೇಗದ ಸವಾರನಿಗೆ ಹೊರಗೆ ಹೋಗುವುದಕ್ಕಿಂತ ಒಳಗೆ ಕೂರುವುದೇ ಲಾಭವಾಗುತ್ತದೆ, 30ರ ವೇಗದವನಿಗೆ ನಷ್ಟವಾಗುತ್ತದೆ. ಸಂಖ್ಯೆ ಯಾವುದಿರಬೇಕು ಎಂಬ ಹೊಸ ಜಗಳವಂತೂ ಪ್ರತಿ ಡಿಸೆಂಬರಿಗೂ ಖಾಯಂ.

ರಾಂಡನೂರಿಂಗ್ ಎಂಬ ದೂರ ಸವಾರಿಯ ಪದ್ಧತಿಯಲ್ಲಿ ನಿಯಮಗಳು ಮೊದಲೇ ಖಚಿತವಾಗಿರುವುದರಿಂದ ಇಂಥ ಗೊಂದಲಕ್ಕೆ ಎಡೆಯಿಲ್ಲ. 200 ಕಿಲೋಮೀಟರಿಗೆ ಗಡುವು 13.5 ತಾಸು, 300ಕ್ಕೆ 20, 400ಕ್ಕೆ 27, 600ಕ್ಕೆ 40 ತಾಸು. ಗೊತ್ತುಪಡಿಸಿದ ದಾರಿಯ ತಪಾಸಣೆ ಸ್ಥಳಗಳಲ್ಲಿ ಹಾಜರಿ ಹಾಕಿದ್ದಕ್ಕೆ ಪುರಾವೆ ಇರಬೇಕು. ಟ್ರೇನರ್ ಅಲ್ಲಿ ತಯಾರಿಗೆ ಒದಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ, ಅದರಿಂದ ಯಾರಿಗೂ ಅವಮಾನವೆನಿಸುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳ ಬಳಗಗಳು ಜನವರಿ ಒಂದರೊಳಗೆ ಮಾಡಬೇಕಾದದ್ದು ಇಷ್ಟು. ಪಟ್ಟಿಯಲ್ಲಿ ಎರಡು ಕಾಲಮುಗಳಿರಲಿ: ರಸ್ತೆಯ ಕಿಲೋಮೀಟರು ಒಂದರಲ್ಲಿ, ಒಳಗಿನ ತಾಸು ಇನ್ನೊಂದರಲ್ಲಿ. ಎರಡಕ್ಕೂ ಪದಕವಿರಲಿ, ಮತ್ತು ಸಭೆಯಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಓದಲಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಸ್ತೆಯ ಮಾಸಿಕ ಸವಾಲುಗಳನ್ನೇ ನಿಲ್ಲಿಸಿ, ತಾಸಿನ ಸವಾಲುಗಳನ್ನು ಮಾತ್ರ ಇಡಲಿ. ಎತ್ತರದಲ್ಲಿರುವ ಬೀದರಿನವರು ಬೇಕಿದ್ದರೆ ಮುಂಜಾನೆಯ ಸವಾರಿ ಉಳಿಸಿಕೊಳ್ಳಬಹುದು. ಹಳೆಯ ವರ್ಷಗಳ ಬೆರೆತ ಮೊತ್ತಗಳನ್ನು ಕೆದಕಿ ಯಾರ ಪದಕವನ್ನೂ ಹಿಂದಕ್ಕೆ ಪಡೆಯುವುದು ಬೇಡ. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ವರ್ಚುವಲ್ ಸವಾರಿಗೆ ಪ್ರತ್ಯೇಕ ಬಗೆ ಇರುವುದರಿಂದ ಹಾಗೆ ಗುರುತಾದವನ್ನು ಈಗಲೂ ಬೇರ್ಪಡಿಸಬಹುದು; ಸಾಮಾನ್ಯ ಸವಾರಿ ಎಂದೇ ಕೈಯಾರೆ ತುಂಬಿದ ಜಿಮ್ಮಿನ ದಿನಗಳನ್ನು ಅವರವರೇ ಗುರುತಿಸಿ, ದೂರ ಅಳಿಸಿ, ತಾಸನ್ನು ಮಾತ್ರ ಉಳಿಸಿಕೊಳ್ಳಬೇಕು. ಚೈನ್ ಬದಲಿಸುವ ಲೆಕ್ಕಕ್ಕೆ ಮಾತ್ರ ಒಳಗಿನ ತುಳಿತವನ್ನೂ ಸೇರಿಸಿಕೊಳ್ಳುವುದನ್ನು ಮರೆಯಬಾರದು, ಏಕೆಂದರೆ ರಸ್ತೆಯ ಧೂಳಿಲ್ಲದ್ದರಿಂದ ನಿಧಾನವಾಗಿಯಾದರೂ ಟ್ರೇನರಿನ ಮೇಲೂ ಚೈನ್ ಸವೆಯುತ್ತದೆ.